ಈ ಸಲ ಯಾರು ಗೆಲ್ತಾರೆ? ವಡ್ಡು ಕಡೆಯಿಂದ ಒಂದು ಲೆಕ್ಕ

2022-23ರ ಐಎಸ್‌ಎಲ್ ಫುಟ್‌ಬಾಲ್ ಲೀಗಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ 12 ಪಂದ್ಯ ಆಡಿ ಗಳಿಸಿದ್ದು ಬರೀ 10 ಅಂಕ. ಮೂರು ಗೆಲುವು, ಒಂದು ಸಮ, ಎಂಟು ಸೋಲು. ಈ ವರ್ಷದ ಕಥೆ ಮುಗಿಯಿತು ಎಂದವರನ್ನು ದೂರುವಂತಿಲ್ಲ, ಕೈಯಲ್ಲಿದ್ದ ಅಂಕಿಗಳು ಹೇಳುತ್ತಿದ್ದುದೂ ಅದನ್ನೇ. ಆಮೇಲೆ ಅದೇ ಕೋಚ್ ಕೈಕೆಳಗೆ ಅದೇ ತಂಡ ಉಳಿದ ಎಂಟೂ ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು, ಫೈನಲ್ ತಲುಪಿತು, ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತಿತು. ಫೈನಲ್ ಆಡಿದ ತಂಡ ಮರುವರ್ಷ ಇನ್ನೊಂದು ಹೆಜ್ಜೆ ಮುಂದೆ ಹೋದೀತು ಎಂದು ಕಾದರೆ 12 ತಂಡಗಳಲ್ಲಿ 10ನೆಯದಾಯಿತು. ಇನ್ನು ಈ ತಂಡದಿಂದ ಏನೂ ಆಗದು ಅನ್ನುವಷ್ಟರಲ್ಲಿ 2024-25ರಲ್ಲಿ ಮೂರನೇ ಸ್ಥಾನ, ಮತ್ತೆ ಫೈನಲ್. ಅದೂ ಕೋಲ್ಕತ್ತದಲ್ಲಿ ಹೆಚ್ಚುವರಿ ಸಮಯದಲ್ಲಿ ಕೈತಪ್ಪಿತು.

ಮೂರು ವರ್ಷ, ಮೂರು ಸಲ ಲೆಕ್ಕ ತಲೆಕೆಳಗು. ಸೀಸನ್ ಶುರುವಾಗುವ ಮುಂಚೆ ತಂಡಗಳ ಭವಿಷ್ಯ ಹೇಳುವ ಕೆಲಸಕ್ಕೆ ಅರ್ಥವೇ ಇಲ್ಲವೇ? ಇದೆ ಎಂದೇ ನನ್ನ ನಂಬಿಕೆ. ನಾವು ಅದನ್ನು ಮಾಡುವ ರೀತಿ ಮಾತ್ರ ಬದಲಾಗಬೇಕು. ಈ ಮಾತನ್ನು ಸಂಡೂರು ತಾಲ್ಲೂಕಿನ ವಡ್ಡು ಕಡೆಯಿಂದ ಹೇಳಲು ಕಾರಣವೂ ಇದೆ. ನಮ್ಮ ಪಕ್ಕದ ತೋರಣಗಲ್ಲು-ವಿದ್ಯಾನಗರದಲ್ಲಿ, ಜನ ಇವತ್ತಿಗೂ ಜಿಂದಾಲ್ ಎಂದೇ ಕರೆಯುವ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ಬದಿಯಲ್ಲಿ, 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ನಡೆಯುತ್ತಿದೆ. ಬೆಂಗಳೂರು ಎಫ್‌ಸಿಯ ಮಾಲೀಕರೂ ಜೆಎಸ್‌ಡಬ್ಲ್ಯು ಬಳಗದವರೇ. ಹುಡುಗರನ್ನು ಹಾಸ್ಟೆಲಿನಲ್ಲಿಟ್ಟು ಬೆಳೆಸುವ ಕ್ಲಬ್ಬಿನ ಅಕಾಡೆಮಿ ಇರುವುದೂ ಇಲ್ಲೇ. ಹಾಗಾಗಿ ಇಲ್ಲಿಯವರಿಗೆ ಈ ತಂಡ ಟೀವಿಯಲ್ಲಿ ಮಾತ್ರ ಕಾಣುವ ಬೆಂಗಳೂರಿನ ತಂಡವಲ್ಲ.

ಶಿಫ್ಟ್ ಮುಗಿಸಿ ಬಂದವರು ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ಕೂತರೆ "ಅಣ್ಣಾ, ಈ ಸಲ ನಮ್ದು ಹೆಂಗೈತಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಂಧ್ರ, ಒಡಿಶಾ, ಬಿಹಾರ, ಬಂಗಾಳದಿಂದ ಬಂದು ದುಡಿಯುವವರೂ ಕೂಡಿಕೊಳ್ಳುವುದರಿಂದ ಒಂದೇ ಮೇಜಿನ ಸುತ್ತ ನಾಲ್ಕು ತಂಡದ ಅಭಿಮಾನಿಗಳು. ಉತ್ತರ ಮಾತ್ರ ಸದಾ ಎರಡೇ ಬಗೆಯದು: ಕಪ್ ನಮ್ದೇ, ಇಲ್ಲವೆ ಈ ಸಲ ಏನೂ ಇಲ್ಲ. ನಡುವಿನ ಉತ್ತರ ಯಾರ ಬಾಯಲ್ಲೂ ಬರುವುದಿಲ್ಲ. ಸತ್ಯ ಹೆಚ್ಚಾಗಿ ಇರುವುದು ಆ ನಡುವಿನಲ್ಲೇ.

ಸೀಸನ್ ಅಂದಾಜನ್ನು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದ್ದು ಅಮೆರಿಕದ ಬೇಸ್‌ಬಾಲ್. ಅಲ್ಲಿ ಒಂದು ತಂಡ ವರ್ಷಕ್ಕೆ 162 ಲೀಗ್ ಪಂದ್ಯ ಆಡುತ್ತದೆ. ಬಿಲ್ ಜೇಮ್ಸ್ ಎಂಬ ಲೇಖಕರು ಒಂದು ಸರಳ ಸೂತ್ರ ಕೊಟ್ಟರು: ತಂಡ ಹೊಡೆದ ರನ್ನಿನ ವರ್ಗವನ್ನು, ಹೊಡೆದ ರನ್ನಿನ ವರ್ಗ ಮತ್ತು ಬಿಟ್ಟುಕೊಟ್ಟ ರನ್ನಿನ ವರ್ಗ ಎರಡನ್ನೂ ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ. ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. 800 ರನ್ ಹೊಡೆದು 700 ಬಿಟ್ಟುಕೊಟ್ಟ ತಂಡ 162ರಲ್ಲಿ ಸುಮಾರು 92 ಗೆಲ್ಲಬೇಕು. ನಿಜಕ್ಕೂ 100 ಗೆದ್ದಿದ್ದರೆ ಆ ಎಂಟರಲ್ಲಿ ದೊಡ್ಡ ಪಾಲು ಅದೃಷ್ಟದ್ದು, ಮುಂದಿನ ವರ್ಷ ಅದು ಉಳಿಯುವ ಭರವಸೆ ಕಡಿಮೆ. ಅಂದರೆ ಕಳೆದ ವರ್ಷದ ಸ್ಥಾನಕ್ಕಿಂತ ಆ ಸ್ಥಾನ ಹೇಗೆ ಬಂತು ಎಂಬುದನ್ನು ನೋಡಬೇಕು. ಫುಟ್‌ಬಾಲ್‌ನಲ್ಲಿ ಗೋಲುಗಳ ಅಂತರ, ಕ್ರಿಕೆಟ್‌ನಲ್ಲಿ ನೆಟ್ ರನ್ ರೇಟ್ ಮಾಡುವುದು ಇದೇ ಕೆಲಸ. ನಾವು ಅವನ್ನು ಸಮಬಲ ಬಿಡಿಸುವುದಕ್ಕಷ್ಟೇ ಇಟ್ಟುಕೊಂಡಿದ್ದೇವೆ.

ಇಷ್ಟೆಲ್ಲ ಲೆಕ್ಕವಿದ್ದೂ ಅಲ್ಲಿನವರೂ ಎಡವುತ್ತಾರೆ. ಪ್ರತಿ ಆಟಗಾರನ ಹಿಂದಿನ ವರ್ಷಗಳ ಆಟ, ವಯಸ್ಸು ಎಲ್ಲವನ್ನೂ ಸೇರಿಸಿ ಎಣಿಸುವ ಪೆಕೋಟಾ ಎಂಬ ವಿಧಾನವನ್ನು ನೇಟ್ ಸಿಲ್ವರ್ ರೂಪಿಸಿದರು. 2015ರ ಸೀಸನ್‌ಗೆ ಮುಂಚೆ ಅದು ಕನ್ಸಾಸ್ ಸಿಟಿ ರಾಯಲ್ಸ್ ತಂಡಕ್ಕೆ ಕೊಟ್ಟಿದ್ದು 72 ಗೆಲುವು. ತಂಡ 95 ಗೆದ್ದು ವಿಶ್ವ ಸರಣಿಯನ್ನೂ ಎತ್ತಿತು. 162 ಪಂದ್ಯಗಳಲ್ಲೇ ಹೀಗಾದರೆ 14 ಪಂದ್ಯಗಳ ಐಪಿಎಲ್‌ನಲ್ಲಿ?

ಒಂದು ತಂಡ ನಿಜಕ್ಕೂ ಬಲವಾದದ್ದು, ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 55 ಎಂದಿಟ್ಟುಕೊಳ್ಳಿ. 14 ಪಂದ್ಯಗಳಲ್ಲಿ ಸರಾಸರಿ ಏಳೆಂಟು ಗೆಲುವು ಬರಬೇಕು. ಆದರೆ ಬರೀ ಟಾಸ್, ಇಬ್ಬನಿ, ಕೈಬಿಟ್ಟ ಒಂದು ಕ್ಯಾಚಿನಿಂದಲೇ ಎರಡು ಗೆಲುವು ಅತ್ತಿತ್ತ ಆಗುವುದು ತೀರಾ ಸಹಜ. ಆರು ಗೆದ್ದರೆ ಪಟ್ಟಿಯ ಕೆಳಭಾಗ, ಹತ್ತು ಗೆದ್ದರೆ ನೆತ್ತಿ. ತಂಡದ ಬಲ ಎರಡೂ ಕಡೆ ಒಂದೇ. 162 ಪಂದ್ಯಗಳಲ್ಲಿ ಅದೇ ತಂಡಕ್ಕೆ ಸುಮಾರು 89 ಗೆಲುವು, ಅದೃಷ್ಟದ ಏರಿಳಿತ ಆರೇಳು. ಪಂದ್ಯ ಹೆಚ್ಚಿದಷ್ಟೂ ಅದೃಷ್ಟದ ಪಾಲು ಕರಗುತ್ತದೆ. ನಮ್ಮ ಲೀಗುಗಳಲ್ಲಿ ಕರಗುವಷ್ಟು ಪಂದ್ಯಗಳೇ ಇಲ್ಲ.

ಡೆಕ್ಕನ್ ಚಾರ್ಜರ್ಸ್ 2008ರ ಐಪಿಎಲ್‌ನಲ್ಲಿ ಕೊನೆಯ ಸ್ಥಾನ, ಆರ್‌ಸಿಬಿ ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಮರುವರ್ಷ ಫೈನಲ್ ಆಡಿದ್ದು ಇವೆರಡೇ. 2024ರಲ್ಲಿ ಮೊದಲ ಎಂಟರಲ್ಲಿ ಒಂದೇ ಪಂದ್ಯ ಗೆದ್ದಿದ್ದ ಆರ್‌ಸಿಬಿ ಸತತ ಆರು ಗೆದ್ದು ಪ್ಲೇಆಫ್ ಸೇರಿತು. 2025ರ ಜೂನ್ 3ರಂದು 18ನೇ ಸೀಸನ್‌ನಲ್ಲಿ ಕಪ್ ಬಂದದ್ದು ಆರು ರನ್ನಿನ ಅಂತರದಲ್ಲಿ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜೀವ ಹೋದದ್ದನ್ನು ನೆನೆದರೆ ಆ ಗೆಲುವಿನ ಬಗ್ಗೆ ಹೆಚ್ಚು ಬರೆಯಲು ಇಂದಿಗೂ ಕೈ ಬರುವುದಿಲ್ಲ. ಪ್ರೊ ಕಬಡ್ಡಿಯಲ್ಲೂ ಇದೇ ಕಥೆ. ಆರನೇ ಸೀಸನ್‌ನ ಚಾಂಪಿಯನ್ ಬೆಂಗಳೂರು ಬುಲ್ಸ್ 11ನೇ ಸೀಸನ್‌ನಲ್ಲಿ 22ರಲ್ಲಿ ಎರಡೇ ಗೆದ್ದು ಕಟ್ಟಕಡೆಗೆ ನಿಂತಿತು. ಆ ಸಲ ಕಪ್ ಗೆದ್ದದ್ದು ಜೆಎಸ್‌ಡಬ್ಲ್ಯುದೇ ಇನ್ನೊಂದು ತಂಡ, ಹರಿಯಾಣ ಸ್ಟೀಲರ್ಸ್. ನಮ್ಮ ರಾಜ್ಯದ ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿಯನ್ನು 2022ರಿಂದ 2025ರವರೆಗೆ ಗೆದ್ದವರು ಕ್ರಮವಾಗಿ ಗುಲ್ಬರ್ಗ, ಹುಬ್ಬಳ್ಳಿ, ಮೈಸೂರು, ಮಂಗಳೂರು. ನಾಲ್ಕು ವರ್ಷಕ್ಕೆ ನಾಲ್ಕು ಒಡೆಯರು.

ಭವಿಷ್ಯ ಹೇಳುವ ಇನ್ನೊಂದು ರೀತಿಯೂ ನಮ್ಮ ಕಡೆ ಇದೆ. ಪಕ್ಕದ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾರೆ. ಒಂದೇ ನುಡಿ. ಮಳೆ-ಬೆಳೆಗೋ ರಾಜಕೀಯಕ್ಕೋ ಅದನ್ನು ಜೋಡಿಸಿ ಅರ್ಥ ಹಚ್ಚುವುದು ಕೇಳಿದ ಜನಕ್ಕೆ ಬಿಟ್ಟದ್ದು. ಅದು ಭಕ್ತಿಯ ಮಾತು, ಅದಕ್ಕೆ ಅದರದೇ ಗೌರವವಿದೆ. ಆಟದ ಅಂದಾಜು ಮಾತ್ರ ಹಾಗಿರಬಾರದು. ಸೀಸನ್ ಮುಗಿದ ಮೇಲೆ ಯಾವ ಫಲಿತಾಂಶಕ್ಕಾದರೂ ಹೊಂದಿಸಿಕೊಳ್ಳಬಹುದಾದ ಅಂದಾಜಿನಿಂದ ಯಾರೂ ಏನೂ ಕಲಿಯಲಾರರು. ಸ್ಥಾನದ ಬದಲು ವ್ಯಾಪ್ತಿ ಹೇಳಬೇಕು, ಸಾಧ್ಯತೆಯನ್ನು ಅಂಕಿಯಲ್ಲಿ ಬರೆಯಬೇಕು, ಕೊನೆಗೆ ಅದನ್ನು ತೂಗಿ ನೋಡಬೇಕು.

ಯಾವ ಲೆಕ್ಕಕ್ಕೂ ಸುಲಭವಾಗಿ ಸಿಗದ ಇನ್ನೊಂದು ಸಂಗತಿ ನಮ್ಮ ಈ ಮೈದಾನಗಳಲ್ಲಿ ನಡೆಯುತ್ತದೆ. 2019ರ ಮೇ ತಿಂಗಳಲ್ಲಿ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರಿಗೆ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಚೇತರಿಕೆಯ ಕಾಲದಲ್ಲಿ ಅವರು ಇದ್ದದ್ದು ಇಲ್ಲಿನ ಇನ್‌ಸ್ಪೈರ್ ಸಂಸ್ಥೆಯಲ್ಲಿ. ಆ ವರ್ಷದ ಫಲಿತಾಂಶ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಖಾಲಿ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್, ಚಿನ್ನ. ಪಟ್ಟಿಯಲ್ಲಿ ಖಾಲಿ ಕಂಡ ಆ ತಿಂಗಳುಗಳಲ್ಲಿ ಫಿಸಿಯೊ ಕೋಣೆಯಲ್ಲಿ ನಡೆದದ್ದೇ ಮುಂದಿನದಕ್ಕೆಲ್ಲ ಅಡಿಪಾಯ.

ತಂಡಗಳಿಗೂ ಈ ಮಾತು ಸಲ್ಲುತ್ತದೆ. ಬೆಂಗಳೂರು ಎಫ್‌ಸಿಯ ಮೀಸಲು ತಂಡ 2022 ಮತ್ತು 2023ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿತ್ತು. ಮುಖ್ಯ ತಂಡ 10ನೆಯದಾದಾಗ ಇದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ಸೀಸನ್‌ನ ಮೊದಲ ಪಂದ್ಯವನ್ನು 1-0ಯಿಂದ ಗೆಲ್ಲಿಸಿದ ಗೋಲು 19 ವರ್ಷದ ವಿನೀತ್ ವೆಂಕಟೇಶ್ ಅವರದು. ಹುಡುಗರಿಂದಲೇ ಎಲ್ಲ ಆಯಿತೆನ್ನಲಾಗದು. ರಾಹುಲ್ ಭೇಕೆ ಮರಳಿದ್ದರು, ಆಲ್ಬರ್ಟೊ ನೊಗುಯೆರಾ ಬಂದಿದ್ದರು, ಕೋಚ್ ಜೆರಾರ್ಡ್ ಸರಗೋಸಾ ಅವರಿಗೆ ಮೊದಲ ಸಲ ಪೂರ್ತಿ ಪೂರ್ವ ತಯಾರಿ ಸಿಕ್ಕಿತ್ತು. ಇವೆಲ್ಲ ಮೊದಲೇ ಕಾಣುವ ಕಾರಣಗಳು. ಕಾಣದ್ದೊಂದಿತ್ತು: 40 ತುಂಬಿದ ಸುನಿಲ್ ಚೆಟ್ರಿ ಆ ಸೀಸನ್‌ನಲ್ಲಿ 14 ಗೋಲು ಹೊಡೆದರು. ವಯಸ್ಸಿನ ಜೊತೆ ಆಟ ಇಳಿಯುತ್ತದೆ ಎಂಬುದು ಎಲ್ಲ ಅಂದಾಜು ವಿಧಾನಗಳ ಬುನಾದಿ. ಆ ಬುನಾದಿ ಸರಿಯೇ ಇದೆ. ಚೆಟ್ರಿ ಅಂಥವರು ಅದರಿಂದ ಹೊರಗೆ ನಿಲ್ಲುವ ಅಪರೂಪದವರು, ಅವರನ್ನು ನೋಡಲು ಸಿಕ್ಕ ಕಾಲ ನಮ್ಮದು.

ಇಷ್ಟು ಹೇಳಿ ಹಣದ ಮಾತು ಬಿಡುವಂತಿಲ್ಲ. ನಮ್ಮ ಕಡೆ ಅಂದಾಜು ಮಾಡುವುದು ಬೆಟ್ಟಿಂಗ್‌ಗೆ ತಿರುಗಿ ಸಂಬಳವೆಲ್ಲ ಕಳೆದುಕೊಂಡ ಮನೆಗಳಿವೆ. ನಮ್ಮದೇ ಬಳ್ಳಾರಿ ಟಸ್ಕರ್ಸ್ 2019ರ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕ್ರಿಕೆಟ್ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್‌ಗೆ ಎಂಟು ರನ್‌ಗಳಿಂದ ಸೋತಿತು. ಆ ಪಂದ್ಯದಲ್ಲಿ ನಿಧಾನವಾಗಿ ಆಡಿದ್ದಕ್ಕೆ ಹಣ ಪಡೆದ ಆರೋಪದಲ್ಲಿ ತಂಡದ ನಾಯಕ ಮತ್ತು ಇನ್ನೊಬ್ಬ ಆಟಗಾರನನ್ನು ಬೆಂಗಳೂರು ಸಿಸಿಬಿ ಪೊಲೀಸರು ನವೆಂಬರ್‌ನಲ್ಲಿ ಬಂಧಿಸಿದರು. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ನೇ ಕಲಮಿನಡಿ ವಂಚನೆ ಎನಿಸದು ಎಂದು ಹೈಕೋರ್ಟ್ 2022ರ ಜನವರಿಯಲ್ಲಿ ಪ್ರಕರಣ ರದ್ದುಪಡಿಸಿತು. ಕೆಪಿಎಲ್ ಜಾಗಕ್ಕೆ ಬಂದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬಳ್ಳಾರಿಯ ಹೆಸರಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. 14 ಪಂದ್ಯಗಳ ಲೀಗಿನಲ್ಲಿ ಅದೃಷ್ಟದ ಪಾಲು ಎಷ್ಟೆಂದು ಒಮ್ಮೆ ಲೆಕ್ಕ ಹಾಕಿದವರು ಅದರ ಮೇಲೆ ಮನೆಯ ದುಡ್ಡು ಇಡಲಾರರು.

2026ರ ಐಎಸ್‌ಎಲ್ ಎಂಥ ಅಂದಾಜಿಗೂ ಕಷ್ಟದ್ದು. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ತಿಳಿಯದೆ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. 2026ರ ಫೆಬ್ರವರಿ 14ರಿಂದ 14 ತಂಡಗಳ, 91 ಪಂದ್ಯಗಳ ಚಿಕ್ಕ ಲೀಗ್ ಎಂದು ಜನವರಿಯಲ್ಲಷ್ಟೇ ಗೊತ್ತಾಯಿತು. ಪ್ರತಿ ತಂಡಕ್ಕೆ 13 ಪಂದ್ಯ, ಒಬ್ಬೊಬ್ಬರ ಎದುರು ಒಂದೇ ಸಲ. ಬಲಿಷ್ಠ ತಂಡ ನಿಮ್ಮ ಊರಿಗೆ ಬರುತ್ತದೋ, ನೀವು ಅಲ್ಲಿಗೆ ಹೋಗಬೇಕೋ ಎಂಬುದೇ ದೊಡ್ಡ ವ್ಯತ್ಯಾಸ. ಬರೀ ಅದೃಷ್ಟದಿಂದ ನಾಲ್ಕೈದು ಅಂಕ ಅತ್ತಿತ್ತ ಆದಾವು, ನಡುವಿನ ನಾಲ್ಕು ಸ್ಥಾನಗಳ ಅಂತರ ಅಷ್ಟೇ ಇರುತ್ತದೆ.

ಹಾಗಾಗಿ ನನ್ನ ಲೆಕ್ಕ ಇದು. ಮೋಹನ್ ಬಾಗಾನ್ ಮೊದಲ ನಾಲ್ಕರೊಳಗೆ ಇರುವ ಸಾಧ್ಯತೆ ಹತ್ತರಲ್ಲಿ ಎಂಟು. ಬೆಂಗಳೂರು ಎಫ್‌ಸಿ ಎರಡರಿಂದ ಏಳನೇ ಸ್ಥಾನದ ನಡುವೆ ನಿಲ್ಲುವ ಸಾಧ್ಯತೆ ಹತ್ತರಲ್ಲಿ ಏಳು, ಲೀಗ್ ಗೆಲ್ಲುವ ಸಾಧ್ಯತೆ ಹತ್ತರಲ್ಲಿ ಒಂದು. 91 ಪಂದ್ಯ ಮುಗಿದ ವಾರ ಈ ಅಂಕಿಗಳನ್ನು ಅಂಕಪಟ್ಟಿಯ ಪಕ್ಕ ಇಟ್ಟು ಇದೇ ಪುಟದಲ್ಲಿ ನೋಡೋಣ.