ದೋಣಿಯ ನಗು

ಕುವೈತಿನ ಸಬ್ಹಾನಿನಲ್ಲಿ ಸಮುದ್ರ ಕಾಣುವುದಿಲ್ಲ. ಕಾಣುವುದು ಗೋದಾಮುಗಳ ತಗಡಿನ ಗೋಡೆ, ಹಾಲಿನ ಕಾರ್ಖಾನೆಯ ವ್ಯಾನುಗಳು, ಶೈತ್ಯಾಗಾರದ ಬಾಗಿಲು ತೆರೆದಾಗ ನುಗ್ಗುವ ಬಿಳಿ ಹಬೆ. ಇವುಗಳ ನಡುವೆ ಒಂದು ಶೆಡ್ಡಿನ ಮುಂದೆ, ಜನವರಿಯ ಚಳಿ ಬೆಳಗಿನಲ್ಲಿ, ಕಬ್ಬಿಣದ ಆನಿಕೆಗಳ ನಡುವೆ ಹಾಯಿದೋಣಿಯೊಂದು ನಿಂತಿದೆ. ನೀರಿಲ್ಲದ ಕಡೆ ದೋಣಿ ಎಷ್ಟೊಂದು ಎತ್ತರ!

ಹೊಟ್ಟೆಯ ಕೆಳಗೆ ಇಳಿಬಿದ್ದಿರುವ ಎರಕದ ಕಬ್ಬಿಣವೇ ಕೀಲ್, ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನೆಟ್ಟಗಾಗಿಸುವ ಭಾರ. ಅಷ್ಟೂ ಭಾರ ಕೆಲವೇ ಬೋಲ್ಟುಗಳ ಮೇಲೆ. ಫೈಬರ್ ಒಡಲಿಗೆ ಕೀಲ್ ಕೂಡುವಲ್ಲಿ, ಮೂತಿಯ ಕಡೆಗೆ, ಸಣ್ಣ ಬಿರುಕು. ಅಲ್ಲಿಂದ ಎಲೆಯಡಿಕೆ ಜಗಿದ ಬಾಯಿಯ ಹಾಗೆ ಕಂದು ನೀರಿನ ಗೆರೆ. ದೋಣಿ ಬಲ್ಲವರು ಇದಕ್ಕೆ 'ಕ್ಯಾಟಲಿನಾ ನಗು' ಅನ್ನುತ್ತಾರೆ. ಆ ಹೆಸರಿನ ಅಮೆರಿಕದ ದೋಣಿಗಳಿಂದ ಬಂದ ಮಾತು.

"ಇದು ಇಲ್ಲಿಯ ಕಾಯಿಲೆ ಅಲ್ಲ ಮಾರಾಯ್ರೆ, ಚಳಿ ದೇಶದಿಂದ ಬಂದ ದೋಣಿ," ಎಂದರು ಮಲ್ಪೆ ಕಡೆಯ ಮೇಸ್ತ್ರಿ.

ಅಲ್ಲಿ ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆತ್ತುತ್ತಾರೆ. ತಳದಲ್ಲಿ ಉಳಿದ ನೀರು ನಟ್ಟಿನ ಬುಡದಿಂದ ಬೋಲ್ಟಿನ ಗುಂಟ ಇಳಿದು ಸಂದಿಯಲ್ಲಿ ಕೂರುತ್ತದೆ. ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗಿ ಸಂದಿಯನ್ನು ಅಗಲಿಸುತ್ತದೆ. ಕರಗಿದ ಮೇಲೆ ಆ ಜಾಗಕ್ಕೆ ಇನ್ನಷ್ಟು ನೀರು, ಮತ್ತೆ ಹಿಮ. ತಿಳಿದವರು ತಳವನ್ನು ಒರೆಸಿ ಒಣಗಿಸಿ, ಮಳೆ ಇಳಿಯದಂತೆ ಹೊದಿಸಿ, ಕೈ ಹೋಗದ ಮೂಲೆಗೆ ಹೆಪ್ಪುಗಟ್ಟದ ಗ್ಲೈಕಾಲ್ ಸುರಿದು ಇಡುತ್ತಾರೆ.

ಕುವೈತಿನಲ್ಲಿ ಆ ಭಯವಿಲ್ಲ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡು ಇದು. ಸಬ್ಹಾನಿನ ಹಿಮವೆಲ್ಲ ಶೈತ್ಯಾಗಾರದೊಳಗೆ. ಆದರೆ ಉಪ್ಪುನೀರಿಗೆ ಹಿಮದ ಹಂಗಿಲ್ಲ. ಬೋಲ್ಟಿನ ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಆಮ್ಲಜನಕದಿಂದ ಕಟ್ಟಿಕೊಂಡ ತೆಳುಪೊರೆ. ಸಂದಿಯಲ್ಲಿ ನಿಂತ ನೀರಿನಲ್ಲಿ ಆಮ್ಲಜನಕ ಮುಗಿಯಿತೆಂದರೆ ಪೊರೆಯೂ ಹೋಯಿತು. ಮೇಲೆ ನಟ್ಟು ಕನ್ನಡಿ, ಕೆಳಗೆ ಬೋಲ್ಟಿನ ಸೊಂಟ ಸವೆದ ಸೋಪು.

ಸಾಲ್ಮಿಯಾದಲ್ಲಿ ಪ್ರದರ್ಶನಕ್ಕಿಟ್ಟಿರುವ 1938ರ 'ಫತಹ್ ಅಲ್ ಖೈರ್' ಹಡಗಿಗೆ ಈ ತಾಪತ್ರಯ ಇರಲಿಲ್ಲ. ಅದರ ಅಡಿಮರ ಬೆನ್ನೆಲುಬೇ ಹೊರತು ಬೋಲ್ಟಿಗೆ ಜೋತ ಭಾರವಲ್ಲ.

ಹಳೆಯ ಪುಟ್ಟಿ ಕೆರೆದು, ಸಿಹಿನೀರಲ್ಲಿ ಉಪ್ಪು ತೊಳೆದು, ದಿನಗಟ್ಟಲೆ ಫ್ಯಾನ್ ಹಾಕಿ ಒಣಗಿಸಿ, ಆಮೇಲೆ ಪಾಲಿಯುರಿಥೇನ್ ಸೀಲಂಟ್, ಕೊನೆಗೆ ಟಾರ್ಕ್ ರೆಂಚ್: ಇದು ಮೇಸ್ತ್ರಿಯ ಲೆಕ್ಕ. ಒಣಗಿಸುವುದಕ್ಕೆ ಅವಸರ ಮಾಡಿದರೆ ನೀರನ್ನು ಒಳಗಿಟ್ಟೇ ಬೀಗ ಹಾಕಿದಂತೆ ಅಂತೆ. ಮಾಲೀಕರಿಗೆ ಮಾತ್ರ ವಾರಾಂತ್ಯಕ್ಕೇ ದೋಣಿ ಬೇಕು.

ಏಣಿ ಹತ್ತಿ ಒಳಗಿಳಿದ ಮೇಸ್ತ್ರಿ ಮೊದಲ ನಟ್ಟಿಗೆ ಪಾನಾ ಹಾಕಿ ಮೈಭಾರ ಬಿಟ್ಟರು. ಕಿರ್ರೆಂದು ಅರ್ಧ ಸುತ್ತು ತಿರುಗಿತು. ವಾಷರಿನ ಅಂಚಿನಿಂದ ಕರಿ ಹನಿಯೊಂದು ಮೇಲೆದ್ದಿತು, ಕೊಳೆತ ಮೊಟ್ಟೆಯ ವಾಸನೆ. ಬೆರಳಲ್ಲಿ ಒರೆಸಿದರು. ಇನ್ನೊಂದು ಹನಿ ಬಂತು.