ಮರೂನ್ ಟೋಪಿಗೆ ಹುದ್ದೆಯ ಶಿಫಾರಸು ನಡೆಯಲ್ಲ

ಸವಳಂಗದ ಹುಡುಗನೊಬ್ಬ ಸೇನೆ ಸೇರಿ ಲೆಫ್ಟಿನೆಂಟ್ ಆದ ಅಂತಿಟ್ಟುಕೊಳ್ಳಿ. ಹೆಗಲಿಗೆ ಎರಡು ನಕ್ಷತ್ರ ಬಂತು ಅಂದಮಾತ್ರಕ್ಕೆ ಮರೂನ್ ಟೋಪಿ ತೊಡುವ ವಿಶೇಷ ಪಡೆ ಪ್ಯಾರಾ ಸ್ಪೆಷಲ್ ಫೋರ್ಸಸ್‌ನಲ್ಲಿ ಜಾಗ ಸಿಗುವುದಿಲ್ಲ. ತಾನಾಗಿಯೇ ಮುಂದೆ ಬರಬೇಕು, ತಿಂಗಳುಗಟ್ಟಲೆ ಪ್ರೊಬೇಷನ್ ದಾಟಬೇಕು. ಭಾರ ಹೊತ್ತು ಓಡಬೇಕು, ನಿದ್ದೆಗೆಟ್ಟು ನಡೆಯಬೇಕು, ಆ ಸುಸ್ತಿನಲ್ಲೇ ನಕ್ಷೆ ಓದಿ ತೀರ್ಮಾನ ಹೇಳಬೇಕು. ಅಧಿಕಾರಿ ಎಂದು ರಿಯಾಯಿತಿ ಇಲ್ಲ. ಶತ್ರುವಿನ ನೆಲದೊಳಗೆ ಹೋಗುವ ಸಣ್ಣ ತಂಡ ನಂಬುವುದು ಮನುಷ್ಯನನ್ನು, ಅವನ ನಕ್ಷತ್ರಗಳನ್ನಲ್ಲ.

ಇದು ಬರೀ ತೋಳ್ಬಲದ ಪರೀಕ್ಷೆ, ಬುದ್ಧಿವಂತರು ಹೊರಗುಳಿಯುತ್ತಾರೆ ಎಂಬ ಆಕ್ಷೇಪ ಉಂಟು. ಆದರೆ ದಣಿವು ಇಲ್ಲಿ ಸಾಧನ ಮಾತ್ರ. ದಣಿದಾಗಲೂ ಬುದ್ಧಿ ನೆಟ್ಟಗಿರುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ. ಹಾಗಾದರೆ ಆಯ್ಕೆಯಾಗದವರು ಕಡಿಮೆಯವರೇ? ಅಲ್ಲ. ಅವರು ತಮ್ಮ ಪಡೆಯಲ್ಲೇ ಸೇವೆ ಮುಂದುವರಿಸುತ್ತಾರೆ. ನಮ್ಮ ಬೆಳಗಾವಿಯಲ್ಲಿ ಕಮಾಂಡೊ ತರಬೇತಿ ಪಡೆಯುವ ಇನ್‌ಫೆಂಟ್ರಿಯ ಯುವ ಅಧಿಕಾರಿಗಳು ತಂತಮ್ಮ ಬೆಟಾಲಿಯನ್‌ಗೆ ಮರಳಿ, ದಾಳಿಗೆಂದೇ ಇರುವ ಅಲ್ಲಿನ ಘಾತಕ್ ಪ್ಲಟೂನ್ ಮುನ್ನಡೆಸಬಹುದು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 1999ರಲ್ಲಿ ಸೇರಿದ್ದು ಬಿಹಾರ್ ರೆಜಿಮೆಂಟ್‌ಗೆ. ಆಮೇಲೆ ರಾಷ್ಟ್ರೀಯ ಭದ್ರತಾ ದಳದ (ಎನ್‌ಎಸ್‌ಜಿ) ಕಮಾಂಡೊ ಆದರು. 2008ರ ನವೆಂಬರ್‌ನಲ್ಲಿ, ಉಗ್ರರ ದಾಳಿಗೆ ತುತ್ತಾದ ಮುಂಬೈನ ತಾಜ್ ಹೋಟೆಲಿನಲ್ಲಿ, ಗಾಯಗೊಂಡ ಸಂಗಾತಿಯನ್ನು ಹೊರಗೆ ಕಳಿಸಿ, ಉಗ್ರರ ಬೆನ್ನು ಹತ್ತಿ ಹುತಾತ್ಮರಾದರು. ಸಾಮಾನ್ಯ ಇನ್‌ಫೆಂಟ್ರಿಯ ಅನುಭವವೇ ವಿಶೇಷ ಪಡೆಯ ಬುನಾದಿ ಆಗಬಲ್ಲದು. ಹಾಗಾಗಿ ಸೇನೆ ಸೇರಬೇಕೆನ್ನುವವರು ಮೊದಲು ಒಳ್ಳೆಯ ಪ್ಲಟೂನ್ ಕಮಾಂಡರ್ ಆಗುವುದನ್ನು ಕಲಿಯಲಿ. ಟೋಪಿಯ ಬಣ್ಣ ಆಮೇಲಿನ ಮಾತು.