ಒಂದು ಹಡಗು, ಇಬ್ಬರು ಒಡೆಯರು

ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಸುದ್ದಿ ನಮಗೆ ಹೊಸದಲ್ಲ. ಅಂಥ ಜಗಳದಲ್ಲಿ 1908ರ ನೋಂದಣಿ ಕಾಯ್ದೆಯ 47ನೇ ಕಲಂ ನೆರವಿಗೆ ಬರುತ್ತದೆ: ಪತ್ರ ನೋಂದಣಿಯಾಗಿರಬೇಕು, ಆದರೆ ಅದಕ್ಕೆ ಬಲ ಬರುವುದು ಬರೆದುಕೊಟ್ಟ ದಿನದಿಂದಲೇ. ಹಡಗಿನಲ್ಲಿ ಈ ಲೆಕ್ಕ ತಲೆಕೆಳಗು. ಯಾರ ಕ್ರಯಪತ್ರ ರಿಜಿಸ್ಟ್ರಾರ್ ಮೇಜಿಗೆ ಮೊದಲು ಬಂತೋ ಅವರ ಹೆಸರೇ ಮೊದಲು ನೋಂದಣಿ ಪುಸ್ತಕ ಸೇರುತ್ತದೆ. ಪತ್ರದ ಬೆನ್ನಿಗೆ ದಿನವಷ್ಟೇ ಅಲ್ಲ, ಗಂಟೆಯನ್ನೂ ಬರೆಯುತ್ತಾರೆ.

ಈ ಪುಸ್ತಕ ಹುಟ್ಟಿದ್ದು ಕೊಳ್ಳುವವರ ಮೇಲಿನ ಕಾಳಜಿಯಿಂದೇನಲ್ಲ. ಅಮೆರಿಕ ಕೈತಪ್ಪಿದ ಮೇಲೆ ಅಲ್ಲಿನ ಹಡಗುಗಳು ಬ್ರಿಟಿಷ್ ಹಡಗಿನ ಸೋಗಿನಲ್ಲಿ ವ್ಯಾಪಾರದ ಸವಲತ್ತು ಹೊಡೆದುಕೊಳ್ಳಬಾರದೆಂದು ಲಂಡನ್ನಿನ ಪಾರ್ಲಿಮೆಂಟು 1786ರಲ್ಲಿ ನೋಂದಣಿಯನ್ನು ಬಿಗಿ ಮಾಡಿತು. ನೋಂದಣಿ ಪ್ರಮಾಣಪತ್ರದ ಒಕ್ಕಣೆಯನ್ನು ಕ್ರಯಪತ್ರದಲ್ಲಿ ನಕಲು ಮಾಡದಿದ್ದರೆ ಮಾರಾಟವೇ ಅಸಿಂಧುವಾಗುತ್ತಿತ್ತು.

1802ರ ಕರ್ಟಿಸ್–ಪೆರಿ ಮೊಕದ್ದಮೆ ನೋಡಿ. ನಾಂಟ್ಸ್ ಎಂಬಾತ ಪಾಲುದಾರಿಕೆಯ ಹಣದಲ್ಲಿ ಹಡಗು ಕೊಂಡು ತನ್ನೊಬ್ಬನ ಹೆಸರಿಗೇ ಬರೆಸಿದ್ದ. ಪಾಲುದಾರ ಚಿಸ್ವೆಲ್‌ಗೆ ಅದು ಗೊತ್ತಾಯಿತು. ಆದರೂ ಸುಮ್ಮನಿದ್ದ. ಅವನು ಪಾರ್ಲಿಮೆಂಟ್ ಸದಸ್ಯ. ಸದಸ್ಯರ ಹಡಗು ಸರ್ಕಾರಿ ಗುತ್ತಿಗೆಗೆ ಸಲ್ಲದೆಂಬ ಕಾನೂನಿನಿಂದ ತಪ್ಪಿಸಿಕೊಳ್ಳಲು ಈ ಮರೆ ಅನುಕೂಲವಾಗಿತ್ತು! ಕೊನೆಗೆ ನ್ಯಾಯಾಧೀಶ ಲಾರ್ಡ್ ಎಲ್ಡನ್ ಎತ್ತಿಹಿಡಿದದ್ದು ಪುಸ್ತಕದಲ್ಲಿದ್ದ ಹೆಸರನ್ನು.

ಬ್ರಿಟನ್ನಿನ 1854ರ ನೌಕಾ ಕಾಯ್ದೆ ಅಡಮಾನದ ಪಾಳಿಯನ್ನೂ ಗಡಿಯಾರಕ್ಕೆ ಒಪ್ಪಿಸಿತು. ಹಿಂದೊಂದು ಸಾಲವಿದೆಯೆಂದು ಗೊತ್ತಿದ್ದೇ ಸಾಲ ಕೊಟ್ಟವನೂ ಮೊದಲು ನೋಂದಾಯಿಸಿದರೆ ಅವನೇ ಮುಂದು. ಅನ್ಯಾಯವಲ್ಲವೇ ಎಂದು ನನಗೂ ಅನಿಸಿತ್ತು. ಆದರೆ ಸೈಟಿಗಾದರೆ ಹೋಗಿ ಬೇಲಿ ನೋಡಬಹುದು. ಹಡಗು ನಡುಗಡಲಲ್ಲಿರುವಾಗಲೇ ಕೈ ಬದಲಾಗುತ್ತದೆ. ದಡದಲ್ಲಿ ನಿಂತವನಿಗೆ ಪುಸ್ತಕ ಬಿಟ್ಟು ನಂಬಲು ಇನ್ನೇನಿದೆ? ಪುಸ್ತಕದಲ್ಲಿಲ್ಲದ ಹಕ್ಕುಗಳಿಗೂ ಒಂದಿಷ್ಟು ಮಾನ್ಯತೆ ಸಿಕ್ಕಿದ್ದು 1862ರ ತಿದ್ದುಪಡಿಯಲ್ಲಿ.

ಪುಸ್ತಕಕ್ಕೂ ಹಡಗಿಗೂ ಗಂಟು ಹಾಕುವುದು ಒಂದು ಸಂಖ್ಯೆ. ಬಣ್ಣ ಬಳಿದರೂ ಹೆಸರು ಬದಲಿಸಿದರೂ ಅಳಿಯದಂತೆ ಅದನ್ನು ಹಡಗಿನ ಮುಖ್ಯ ತೊಲೆಯಲ್ಲಿ ಕೆತ್ತುತ್ತಿದ್ದರು. ನಮ್ಮ 1958ರ ವಾಣಿಜ್ಯ ನೌಕಾ ಕಾಯ್ದೆಯೂ ಇದೇ ಜಾಡಿನದು. ಬ್ರಿಟನ್ನಿನಲ್ಲಿ ಹಡಗಿಗೆ 64 ಪಾಲು, ಇಲ್ಲಿ 10 ಎಂಬಂಥ ಸಣ್ಣಪುಟ್ಟ ವ್ಯತ್ಯಾಸಗಳಿದ್ದವು, ಅಷ್ಟೇ. 2025ರಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆ ತಂದಿದೆ.

ಮಲ್ಪೆಯಲ್ಲೋ ಮಂಗಳೂರಿನ ಹಳೇ ಬಂದರಿನಲ್ಲೋ ಹಳೆ ಬೋಟು ಕೊಳ್ಳಹೊರಟವರು ಎಂಜಿನ್ ಸದ್ದು ಆಮೇಲೆ ಕೇಳಿ. ಮೊದಲು ನೋಂದಣಿ ಪುಸ್ತಕ ತೆಗೆಸಿ ನೋಡಿ.